ಚೆಲುವಮ್ಮನ ಮಾತ್ರೆ ಡಬ್ಬಿ

ಮಾತಿಗೆ ಕಾಸು ಬಿಚ್ಚದ ಜನ ಮಾತ್ರೆಗೆ ಬಿಚ್ಚುತ್ತಾರೆ ಅನ್ನೋದು ಮಿಮಿಕ್ರಿ ಮಾದೇಶನಿಗೆ ತಡವಾಗಿ ಹೊಳೆಯಿತು. ಹನೂರಿನ ಆರ್ಕೆಸ್ಟ್ರಾಗಳಲ್ಲಿ ಗಂಟಲು ಹರಿದುಕೊಂಡರೂ ಸಿಕ್ಕಿದ್ದು ಚಪ್ಪಾಳೆ, ಚಿತ್ರಾನ್ನ. ಮನೆಯಲ್ಲೋ, ಅವನನ್ನು ಸಾಕಿದ ಚಿಕ್ಕಮ್ಮ ಚೆಲುವಮ್ಮನ ಕ್ಯಾನ್ಸರ್ ಮಾತ್ರೆ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಅದು ಬಿಟ್ಟಿ. ಯಳಂದೂರಿನ ದಲ್ಲಾಳಿಯೊಬ್ಬನಿಗೆ ಬಂಗಾರ.

ದಾರಿ ತೋರಿಸಿದವಳೂ ಚಿಕ್ಕಮ್ಮನೇ. ಮೊದಲ ತಿಂಗಳ ಮಾತ್ರೆಗೆ ಅವಳ ಅಂಗೈ ಕೆಂಪಾಗಿ ಸುಲಿದಿತ್ತು. ಮುದ್ದೆ ಮುರಿದು ಬಾಯಿಗಿಟ್ಟವನು ಇವನು. ಆಸ್ಪತ್ರೆಯ ಫಾರ್ಮಸಿಸ್ಟ್ ದಿವ್ಯ ಕೈ ನೋಡಿ, "ಈ ಮಾತ್ರೆ ನಿಲ್ಲೋವರ್ಗೂ ಇದು ಇದ್ದಿದ್ದೇ," ಎಂದು ಉರಿಗೆ ಮುಲಾಮು ಕೊಟ್ಟಿದ್ದಳು. "ಶೀಟಿಂದ ಮಾತ್ರೆ ಕೀಳಕ್ಕಾಗಕಿಲ್ಲ ಕಣ್ಲಾ, ನೀನೇ ಬಿಡ್ಸಿ ಡಬ್ಬಿಗಾಕು," ಅಂದಳು ಚೆಲುವಮ್ಮ.

ಎರಡನೇ ತಿಂಗಳು ಡಬ್ಬಿಗೆ ಬಿದ್ದದ್ದು ಅದೇ ಗಾತ್ರದ, ಅದೇ ನಸುಗೆಂಪಿನ ವಿಟಮಿನ್ ಮಾತ್ರೆ. ಅಸಲಿ ಶೀಟು ಯಳಂದೂರಿನ ಬಸ್ಸು ಹತ್ತಿತು. ಯಾರಾದರೂ ಕೇಳಿದರೆ ತೋರಿಸಲು ಹಳೆಯ ಖಾಲಿ ಶೀಟುಗಳು ಜೋಪಾನವಾಗಿದ್ದವು. ಡಾಕ್ಟರೇ ಗ್ಯಾರಂಟಿ ಕೊಡದ ಮಾತ್ರೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಚಿಕ್ಕಮ್ಮ ಗೆಲುವಾಗಿಯೇ ಇದ್ದಳಲ್ಲ!

ಅಡ್ಡಿ ಒಂದೇ: ದಿವ್ಯ. ಚೀಟಿ ನೋಡಿ ಮಾತ್ರೆ ಎಸೆಯುವವಳಲ್ಲ; ಉಂಡಿದ್ದು, ಕಕ್ಕಿದ್ದು ಎಲ್ಲ ಕೆದಕುವವಳು. ಮೂರನೇ ತಿಂಗಳ ಮಾತ್ರೆಗೆ, "ಅಮ್ಮನ್ನೇ ಕರ್ಕೊಂಡು ಬನ್ನಿ, ಮನೇಲಿರೋ ಮಾತ್ರೆನೂ ತನ್ನಿ," ಎಂದು ಫೋನ್ ಮಾಡಿದಳು.

ಬಸ್ಸು ಕಾಮಗೆರೆ ದಾಟುವಷ್ಟರಲ್ಲಿ ಮಾದೇಶ ದಿವ್ಯಳದೇ ದನಿಯಲ್ಲಿ ಚಿಕ್ಕಮ್ಮನಿಂದ ಪಾಠ ಒಪ್ಪಿಸಿಕೊಂಡ. "ಅಮ್ಮಾ, ವಾಂತಿ ಆಯ್ತಾ? ಬಾಯಿ ಹುಣ್ಣಾಯ್ತಾ?"

"ಥೂ ನಿನ್ನ, ಥೇಟ್ ಅವ್ಳೇ ಕಣ್ಲಾ!"

"ಎರಡು ಸಲ ವಾಂತಿ ಆಯ್ತು ಅನ್ನು ಚಿಕ್ಕವ್ವ. ಇಲ್ದಿದ್ರೆ ಡೋಸ್ ಜಾಸ್ತಿ ಮಾಡ್ತಾರೆ."

ಕೌಂಟರಿನಲ್ಲಿ ಚೆಲುವಮ್ಮ ಒಂದಕ್ಷರ ತಪ್ಪಲಿಲ್ಲ. ದಿವ್ಯ ಡಬ್ಬಿಯತ್ತ ಕಣ್ಣು ಹಾಯಿಸಿದಳು. ಅವಳು ಡಬ್ಬಿ ಮುಟ್ಟಲಿಲ್ಲ. ಹೊಸ ಶೀಟು ತರಲು ತಿರುಗಿದಳು. ಗೆದ್ದೆ, ಅಂದುಕೊಂಡ ಮಾದೇಶ.

"ಲೇ, ಬಸ್ಸಲ್ಲಿ ಮಾಡ್ದಲ್ಲ, ಅದ್ನ ಇವ್ರಿಗೂ ತೋರ್ಸ್ಲಾ!" ಅಂದಳು ಚಿಕ್ಕಮ್ಮ.

ಬೇಡವೆನ್ನಲು ಕಲಾವಿದನಿಗೆ ನಾಲಿಗೆ ಬರಲಿಲ್ಲ. ಕತ್ತು ಓರೆ ಮಾಡಿ, "ಅಮ್ಮಾ, ಊಟ ಆದ್ಮೇಲೇ ನುಂಗ್ಬೇಕು, ಗೊತ್ತಾಯ್ತಾ?" ಅಂದ. ಸಾಲಿನಲ್ಲಿದ್ದವರು ನಕ್ಕರು. ದಿವ್ಯಳೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಚೆಲುವಮ್ಮ. ಎರಡೂ ಕೈ ಸೇರಿಸಿ ಪಟಪಟನೆ ಚಪ್ಪಾಳೆ ತಟ್ಟಿದಳು. ದಿವ್ಯಳ ನಗು ಅಲ್ಲೇ ನಿಂತಿತು. ಮುದ್ದೆ ಮುರಿಯಲಾಗದಿದ್ದ ಆ ಅಂಗೈಗಳಲ್ಲಿ ಈಗ ಒಂದು ಸಿಪ್ಪೆಯಿಲ್ಲ, ಉರಿಯಿಲ್ಲ. "ಮಾದೇಶ್ ಅವ್ರೇ," ಅಂದಳು, ಶೀಟನ್ನು ಹಿಂದಕ್ಕೆಳೆದುಕೊಂಡು, "ಆ ಡಬ್ಬಿ ಇಲ್ಲಿ ಕೊಡಿ." ಚೆಲುವಮ್ಮ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಳು.