ಇನ್ನೂರಾ ಹದಿನಾಲ್ಕು ಜಿಗಿತ

ಅಂಗಡಿಯ ಗೋಡೆಗೆ ತೂಗುಹಾಕಿದ್ದ ಸ್ಲೇಟಿನ ಮೇಲೆ ದುಂಡಗೆ ಬರೆದಿತ್ತು: "ಇಲ್ಲೀತನಕ ಹೆಚ್ಚು ಜಿಗಿತ 214. ಆಡಿದವರು ಒಬ್ಬ ಹೆಣ್ಣುಮಗಳು."

ಹೊಳೆವ್ವ ಅದನ್ನು ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ಕಿವಿ ಬಿಸಿಯಾದವು.

"ಒಬ್ಬ ಹೆಣ್ಣುಮಗಳು ಅಂದ್ರ ಯಾರ್ರಿ?"

ಗಾಂಧಿ ಚೌಕದ ಆ ರೇಡಿಯೋ ರಿಪೇರಿ ಅಂಗಡಿಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಆರು ವಾರಗಳಿಂದ ಪ್ರತಿ ಗುರುವಾರ ಬಂದು, ಹತ್ತು ಪೈಸೆ ಇಟ್ಟು, ಅಲ್ಲಿದ್ದ ಜಿಗಿತದ ಯಂತ್ರದಲ್ಲಿ ಆಡಿ, ತಲೆ ತಗ್ಗಿಸಿ ಹೋಗುತ್ತಿದ್ದಳು. ಅಂಗಡಿಯ ಅಮೋಘಿ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಮರೆತು ಅವಳನ್ನೇ ನೋಡಿದ.

"ಅಮೋಘಿಯವರ, ಟೇಬಲ್ಲು ಸುಡಾಕತ್ತೈತ್ರಿ," ಎಂದಳು ಮಾಶಾಬಿ. ಹೊಳೆವ್ವನ ಟೈಪಿಂಗ್ ಕ್ಲಾಸಿನ ಗೆಳತಿ. ಅವಳನ್ನು ಮೊದಲು ಇಲ್ಲಿಗೆ ಎಳೆದು ತಂದವಳೂ ಅವಳೇ.

ಅಮೋಘಿ ಕಡ್ಡಿ ಎತ್ತಿದ. "ಅದು ನೀವ್ರೀ."

"ನನಗ ಹೆಸರಿಲ್ಲೇನ್ರಿ?"

"ಅವತ್ತ ಕೇಳಿದ್ನಲ್ರೀ. ನೀವು ಹೀಂಗ ಮಾಡಿದ್ರಿ." ಅವನು ಗದ್ದವನ್ನು ಎದೆಗೆ ಹಚ್ಚಿ, ಕಣ್ಣು ನೆಲಕ್ಕೆ ನೆಟ್ಟು ಅವಳ ಹಾಗೆಯೇ ನಿಂತು ತೋರಿಸಿದ. "ಬ್ಯಾಡ ಅಂದ್ರಿ ಅಂತ ತಿಳಕೊಂಡೆ."

"ಅದು ಬ್ಯಾಡ ಅನ್ನೂದಲ್ರಿ."

"ಮತ್ತೇನ್ರಿ?"

ಉತ್ತರ ಮಾಶಾಬಿ ಕೊಟ್ಟಳು. "ಅದು ನಾಚಿಕಿ. ಇಡೀ ಅಂಗಡಿ ರೇಡಿಯೋ ಬಿಚ್ಚಿ ಕಟ್ತೀರಿ, ಇಷ್ಟ ತಿಳಿಲಿಲ್ಲೇನ್ರಿ ನಿಮಗ?"

ಹೊಳೆವ್ವ ಬಬಲೇಶ್ವರದ ಹುಡುಗಿ. ಬಿ.ಎ. ಮುಗಿಸಿ, ದಿನಾ ಬಸ್ಸು ಹಿಡಿದು ವಿಜಾಪುರಕ್ಕೆ ಟೈಪಿಂಗ್ ಕಲಿಯಲು ಬರುತ್ತಿದ್ದಳು. ಅವಳ ಮಾತುಗಳೆಲ್ಲ ಬಾಯಿಗೆ ಬರುವ ಮೊದಲೇ ದಿನಚರಿ ಪುಸ್ತಕದೊಳಗೆ ಇಳಿದುಬಿಡುತ್ತಿದ್ದವು. ಆದರೆ ಈ ಯಂತ್ರದ ಮುಂದೆ ನಿಂತಾಗ ಮಾತ್ರ ಅವಳೊಳಗಿನ ಇನ್ನೊಬ್ಬಳು ಸೆರಗು ಬಿಗಿದು ಎದ್ದು ನಿಲ್ಲುತ್ತಿದ್ದಳು.

ಯಂತ್ರ ಅಮೋಘಿಯೇ ಮಾಡಿದ್ದು. ಹೊಲಿಗೆ ಯಂತ್ರದ ಹಳೆಯ ಮೋಟಾರು, ಅದು ತಿರುಗಿಸುವ ತಗಡಿನ ಪೀಪಾಯಿ, ಪೀಪಾಯಿಯ ಮೇಲೆ ಅಲ್ಲಲ್ಲಿ ಬೆಸೆದ ತಗಡಿನ ಕಲ್ಲುಗಳು. ಎದುರಿಗೆ ಒಂದು ತಗಡಿನ ಕುರಿಮರಿ. ಗುಂಡಿ ಒತ್ತಿದರೆ ಮರಿ ಜಿಗಿಯುತ್ತದೆ, ಪಕ್ಕದ ಎಣಿಕೆಯ ಅಂಕಿ ಒಂದು ಏರುತ್ತದೆ. ಕಲ್ಲು ಕಾಲಿಗೆ ತಾಗಿತೋ, ಗಂಟೆ ಬಾರಿಸಿ ಕೆಂಪು ಬಲ್ಬು ಹತ್ತುತ್ತದೆ. ಪ್ರತಿ ಸುತ್ತಿಗೂ ಪೀಪಾಯಿಯ ಓಟ ಹೆಚ್ಚುತ್ತ ಹೋಗುತ್ತದೆ. ಭೂತನಾಳದ ಕೆರೆ ದಂಡೆಯಲ್ಲಿ ಅಪ್ಪನ ಕುರಿ ಕಾಯುತ್ತ ಬೆಳೆದವನಿಗೆ ಜಿಗಿಯುವ ಪ್ರಾಣಿ ಎಂದರೆ ಅದೊಂದೇ ಗೊತ್ತು. ಗುರುವಾರ ಮೂರರಿಂದ ನಾಲ್ಕರ ತನಕ ಬಾಗಿಲಿಗೆ ಗೋಣಿಪರದೆ ಇಳಿಬಿಟ್ಟು ಹೆಂಗಸರಿಗಷ್ಟೇ ಆಟ.

"ಇದು ಎಲ್ಲಿಗೆ ಮುಗೀತೈತ್ರಿ?" ಎಂದು ಮಾಶಾಬಿ ಮೊದಲ ದಿನ ಕೇಳಿದ್ದಳು.

"ಮುಗಿಯೂದಿಲ್ರಿ. ನೀವು ಬೀಳೂತನಕ."

ಆ ಮಾತು ಹೊಳೆವ್ವನಿಗೆ ಬಹಳ ಹಿಡಿಸಿತ್ತು.

ಅಮೋಘಿ ಈಗ ಸುಣ್ಣದ ಕಡ್ಡಿ ಕೈಗೆತ್ತಿಕೊಂಡ. "ಹೇಳ್ರಿ ಹೆಸರಾ. ಈಗ ಬರೀತೀನಿ."

ಅವಳಿಗೆ ಜೈನಾಪುರ ನೆನಪಾಯಿತು. ತಂದೆಯಿಲ್ಲದ ಮನೆಗೆ ಹಿರಿಯನಾದ ಸೋದರಮಾವ ಶಂಕರೆಪ್ಪ ಅಲ್ಲೊಂದು ಸಂಬಂಧ ಗೊತ್ತುಮಾಡಿದ್ದ. ಗಂಡಿನ ತಾಯಿ ಹುಚ್ಚವ್ವ ಅವಳನ್ನು ನೋಡಲು ಬಂದವಳು, ನಡೆಸಿ ನೋಡಿ, ಓದಿಸಿ ನೋಡಿ, ಕೊನೆಗೆ ಹೇಳಿದ್ದಳು: "ಹುಡುಗಿ ಚಲೋ ಐತಿ. ಬಾಯಿಲ್ಲದಾಕಿ." ಇನ್ನು ಹನ್ನೊಂದು ದಿನಕ್ಕೆ ನಿಶ್ಚಯ. ಗಾಂಧಿ ಚೌಕದ ಗೋಡೆಯ ಮೇಲೆ ಅವಳ ಹೆಸರು ಬಿದ್ದರೆ ನಿಶ್ಚಯವೂ ಇಲ್ಲ, ಟೈಪಿಂಗೂ ಇಲ್ಲ, ವಿಜಾಪುರದ ಬಸ್ಸೂ ಇಲ್ಲ.

"ಬರೀಬ್ಯಾಡ್ರಿ," ಎಂದಳು. ದನಿ ಸಣ್ಣದಾಗಿತ್ತು.

ಅವನು ಏಕೆಂದು ಕೇಳಲಿಲ್ಲ. ಸುಣ್ಣದ ಕಡ್ಡಿ ಕೆಳಗಿಟ್ಟು, "ನನಗಷ್ಟ ಹೇಳ್ರಿ. ಯಾರ ಮುಂದೂ ಅನ್ನೂದಿಲ್ಲ," ಎಂದ.

"ಹೊಳೆವ್ವ. ಹಳೀ ಹೆಸರು, ನಗಬ್ಯಾಡ್ರಿ."

"ನನ್ನ ಹೆಸರು ಅಮೋಘಿ ಐತ್ರಿ. ನಗೂ ಧೈರ್ಯಾ ನನಗೆಲ್ಲೀದು?"

ನಕ್ಕದ್ದು ಅವಳು. ನಕ್ಕಾಗ ಮೇಲೆತ್ತಿದ ಕಣ್ಣುಗಳು ಅವನ ಕಣ್ಣಿಗೆ ತಾಗಿ, ಕೆಳಗಿಳಿಯಬೇಕಾದವು ಅಲ್ಲೇ ಒಂದು ಗಳಿಗೆ ತಡೆದವು. ಅವನ ಎಡಹುಬ್ಬಿನ ಮೇಲೆ ಸುಟ್ಟ ಚುಕ್ಕೆಯೊಂದಿತ್ತು. ಆ ರಾತ್ರಿ ಅವಳು ದಿನಚರಿಯಲ್ಲಿ ಬರೆದದ್ದು ಅದೊಂದನ್ನೇ.

*

ನಿಶ್ಚಯದ ಸೀರೆ ಕೊಳ್ಳಲು ಶನಿವಾರ ಎಲ್ಲರೂ ಗಾಂಧಿ ಚೌಕಕ್ಕೆ ಬಂದರು. ಶಂಕರೆಪ್ಪ ಮುಂದೆ, ಜೈನಾಪುರದ ಹುಚ್ಚವ್ವ ನಡುವೆ, ಹೊಳೆವ್ವ ಹಿಂದೆ. ಸೀರೆಯ ಬಣ್ಣವನ್ನು ಹುಚ್ಚವ್ವ ಆರಿಸಿದಳು, ಅಂಚನ್ನು ಶಂಕರೆಪ್ಪ ಆರಿಸಿದ. ಹೊಳೆವ್ವನನ್ನು ಯಾರೂ ಕೇಳಲಿಲ್ಲ.

ತಿರುಗಿ ಬರುವಾಗ ರೇಡಿಯೋ ಅಂಗಡಿಯ ಮುಂದೆ ಜನ ಗುಂಪುಗೂಡಿತ್ತು. ನಡುವೆ ಎದುರಂಗಡಿಯ ಲಾಡಲೇಸಾಬ ಕೈ ಬೀಸಿ ಬೀಸಿ ಮಾತಾಡುತ್ತಿದ್ದ.

"ಅಲ್ಲಲೇ ಅಮೋಘಿ, ನಾ ತಿಂಗಳಾತು ಆಡಾಕತ್ತೇನಿ, ನೂರಾ ಎಂಬತ್ತು ದಾಟಿಲ್ಲ. ಒಬ್ಬ ಹೆಣ್ಮಗಳು ಇನ್ನೂರಾ ಹದಿನಾಲ್ಕ ಜಿಗದಾಳ? ಹೆಸರ ಹೇಳು!"

"ಹೇಳೂದಿಲ್ಲ ಲಾಡಲೇಸಾಬಣ್ಣ."

"ಹೆಸರಿದ್ರ ಹೇಳ್ತಿದ್ದಿ. ಕುರಿ ಕಾಯವನ ಮಗಾ, ಹತ್ತು ಪೈಸಾದ ಆಸೇಕ ಸುಳ್ಳ ಬರದೀ."

ಗುಂಪು ನಕ್ಕಿತು. ಶಂಕರೆಪ್ಪನಿಗೂ ಹುರುಪು ಬಂತು. "ಇಂಥಾ ಆಟಕ್ಕ ನಿಲ್ಲೂ ಹೆಣ್ಣು ಯಾವ ಮನ್ಯಾಗ ಇರ್ತೈತೋ ತಮ್ಮಾ? ಒರಸ ಅದನ್ನ. ನಾಕ ಮಂದಿ ಹೆಣ್ಮಕ್ಕಳು ತಿರುಗೂ ಬಜಾರಿದು."

"ಸುಳ್ಳಲ್ರಿ. ಆದ್ರ ಮಾತ ಕೊಟ್ಟೇನಿ," ಎಂದ ಅಮೋಘಿ.

"ಹೇಳು, ಇಲ್ಲಾ ಒರಸು!" ಎಂದಿತು ಗುಂಪು.

ಅಮೋಘಿ ಒದ್ದೆ ಅರಿವೆ ಕೈಗೆ ತೆಗೆದುಕೊಂಡ. ಲಾಡಲೇಸಾಬನನ್ನು ನೋಡಿದ, ಶಂಕರೆಪ್ಪನನ್ನು ನೋಡಿದ, ಹುಚ್ಚವ್ವನ ಕೈಯಲ್ಲಿದ್ದ ಸೀರೆಯ ಗಂಟನ್ನೂ ನೋಡಿದ. ಹೊಳೆವ್ವ ನಿಂತ ಕಡೆ ಮಾತ್ರ ತಪ್ಪಿಯೂ ನೋಡಲಿಲ್ಲ. ಸುಳ್ಳುಗಾರ ಎನಿಸಿಕೊಂಡೂ ಅವನು ಹಾಗೆ ನೋಡದೆ ಇದ್ದದ್ದು ಅವಳ ಎದೆಯನ್ನು ಹಿಂಡಿಬಿಟ್ಟಿತು.

"ಒರಸಬ್ಯಾಡ್ರಿ."

ಯಾರ ದನಿ ಎಂದು ಜನ ತಿರುಗಿ ನೋಡಿದರು.

"ಆ ಹೆಣ್ಮಗಳು ನಾನ. ಬಬಲೇಶ್ವರದ ಹೊಳೆವ್ವ."

"ಏ ಹುಚ್ಚಿ, ನಡಿ ಬಸ್ಸಿಗೆ!" ಶಂಕರೆಪ್ಪ ಅವಳ ತೋಳಿಗೆ ಕೈಹಾಕಿದ.

"ಬಸ್ಸಿಗೆ ಇನ್ನಾ ಹೊತ್ತೈತಿ ಮಾವ," ಎಂದಳು. ತೋಳು ಬಿಡಿಸಿಕೊಂಡು ಯಂತ್ರದ ಮುಂದೆ ನಿಂತಳು. ಗುಂಡಿಯ ಮೇಲೆ ಬೆರಳಿಟ್ಟಳು. "ಹಚ್ರಿ ಮೋಟಾರು."

ಮೊದಲ ಐವತ್ತಕ್ಕೆ ಜನ ನಗುತ್ತಲೇ ಇದ್ದರು. ನೂರಕ್ಕೆ ನಗು ನಿಂತಿತು. ನೂರಾ ಎಂಬತ್ತು ದಾಟುವಾಗ ಲಾಡಲೇಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಪೀಪಾಯಿ ಗಿರ್ರೆನ್ನುತ್ತಿತ್ತು, ಕಲ್ಲುಗಳು ಕಲ್ಲುಗಳಾಗಿ ಕಾಣುತ್ತಿರಲಿಲ್ಲ. ನಡೆಸಿ ನೋಡಿದ್ದು ಒಂದು ಕಲ್ಲು. ಓದಿಸಿ ನೋಡಿದ್ದು ಒಂದು ಕಲ್ಲು. ಬಾಯಿಲ್ಲದಾಕಿ ಎಂದದ್ದು ಒಂದು ಕಲ್ಲು. ಜಿಗಿ. ಜಿಗಿ. ಜಿಗಿ.

ಗಂಟೆ ಬಾರಿಸಿದಾಗ ಅಂಕಿ ಇನ್ನೂರಾ ಅರವತ್ತೊಂದಕ್ಕೆ ನಿಂತಿತ್ತು.

"ಯಪ್ಪಾ! ಗೆದ್ದಿ ನಮ್ಮವ್ವಾ," ಎಂದ ಲಾಡಲೇಸಾಬ. ಬೀದಿಯೆಲ್ಲ ಚಪ್ಪಾಳೆ.

ಚಪ್ಪಾಳೆ ತಟ್ಟದವಳು ಹುಚ್ಚವ್ವ ಒಬ್ಬಳೇ. ಸೀರೆಯ ಗಂಟನ್ನು ಕಂಕುಳಿಗೆ ಏರಿಸಿ ಮುಂದೆ ಬಂದಳು. "ಬಾಯಿಲ್ಲದಾಕಿ ಅಂತ ತಿಳಕೊಂಡಿದ್ದೆ ಶಂಕರೆಪ್ಪ. ಏನಬೇ ಹುಡುಗಿ, ಯಾರ ಹೆಸರಿನ ಮ್ಯಾಲ ಇಷ್ಟ ಸೊಕ್ಕ ನಿನಗ?"

ಈ ಸೀಮೆಯಲ್ಲಿ ಹೆಂಗಸು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಹಾಡಿನಂಥ ಒಡಪು ಕಟ್ಟಿ, ಅದರ ತುದಿಯಲ್ಲಿ ಹೇಳುತ್ತಾಳೆ. ಮದುವೆಯಾಗದ ಹುಡುಗಿ ಒಡಪು ಹೇಳಿದಳೆಂದರೆ ಆ ಮಾತು ಮತ್ತೆ ಹಿಂದಕ್ಕೆ ಬರುವುದಿಲ್ಲ. ಇದು ಅಲ್ಲಿದ್ದವರಿಗೆಲ್ಲ ಗೊತ್ತು. ಹೊಳೆವ್ವನಿಗೂ ಗೊತ್ತು.

ಸೆರಗನ್ನು ತಲೆಯ ಮೇಲೆ ಹೊದ್ದಳು. ತಲೆ ಮಾತ್ರ ತಗ್ಗಿಸಲಿಲ್ಲ.

"ಇನ್ನೂರ ಕಲ್ಲ ಜಿಗದ ಬಂದೆ, ನಿಂತಿಲ್ಲ ಎಲ್ಲೂ ಬಾಗಿ;
ನಿಲ್ಲೂ ಜಾಗಾ ಒಂದ ಐತಿ, ಅಲ್ಲಿ ಇರಬೇಕು ಅಮೋಘಿ."

ಅಮೋಘಿಯ ಕೈಯಲ್ಲಿದ್ದ ಒದ್ದೆ ಅರಿವೆಯಿಂದ ನೀರು ತೊಟ್ಟಿಕ್ಕಿ ಅವನ ಚಪ್ಪಲಿ ತೋಯಿಸುತ್ತಿತ್ತು.

"ಈ ಸೀರಿ ನನ್ನ ಮಗಳಿಗಾತು," ಎಂದು ಹುಚ್ಚವ್ವ ಗುಂಪು ಸೀಳಿಕೊಂಡು ಹೋದಳು.

ಶಂಕರೆಪ್ಪನ ಮುಖ ಕಪ್ಪಿಟ್ಟಿತು. "ಕುರಿ ಕಾಯವನ ಮಗನ ಹೆಸರ ತಗೊಂಡೇನಬೇ, ಬಜಾರದಾಗ!"

ಅಮೋಘಿ ಅರಿವೆ ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಈಗ ಅವನು ಅವಳನ್ನು ನೋಡಿದ, ಕಣ್ಣು ತುಂಬ, ಎಲ್ಲರೆದುರಿಗೆ. ಆಮೇಲೆ ಶಂಕರೆಪ್ಪನಿಗೆ ಕೈಮುಗಿದ.

"ಸೋಮವಾರ ನಮ್ಮ ಅಪ್ಪ ಅವ್ವನ್ನ ಕರಕೊಂಡು ನಿಮ್ಮನಿಗೆ ಬರ್ತೀನ್ರಿ. ಹೆಣ್ಣ ಕೇಳಾಕ."

"ಬಂದ ನೋಡು. ಬಾಗಿಲಾ ತಗಿಯೂದಿಲ್ಲ!"

"ಬರ್ರಿ," ಎಂದಳು ಹೊಳೆವ್ವ ಅಮೋಘಿಗೆ. "ಬಾಗಿಲಾ ನಾ ತಗೀತೀನಿ."