ದಾಖಲೆಗೆ ವಿಳಾಸ ಹೇಳಿ

ನಮ್ಮ ಆಲ್ಡರ್‌ವಿಲ್‌ನಲ್ಲಿ ಮೇಯರ್ ಅಂದರೆ ಬರೀ ಉತ್ಸವಮೂರ್ತಿ. ಕೌನ್ಸಿಲ್‌ನ ಮತಗಳು ಸಮಸಮವಾದರೆ ಮಾತ್ರ ಅವನಿಗೆ ಒಂದು ಮತ. ಆ ಸೋಮವಾರ ಸಮಸಮವಾಗುವುದು ಎಲ್ಲರಿಗೂ ಗೊತ್ತಿತ್ತು. ಏಳನೇ ಸದಸ್ಯ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ಉಳಿದವರಲ್ಲಿ ಮೂವರು ಲೈಬ್ರರಿ ಇದ್ದಲ್ಲೇ ಇರಲಿ ಅನ್ನುವವರು. ಇನ್ನು ಮೂವರಿಗೆ ಆ ಕಟ್ಟಡ ಬೆಂಕಿ ನಂದಿಸುವ ಫೈರ್ ಕಂಪನಿಯ ಹೊಸ ಗಾಡಿ ನಿಲ್ಲಿಸಲು ಬೇಕಿತ್ತು.

ಹತ್ತೊಂಬತ್ತು ವರ್ಷ ನಾನು ನಡೆಸಿದ ಲೈಬ್ರರಿ ಈಗ ಮೇಯರ್ ವೆಂಡೆಲ್ ಹೋಕ್‌ನ ಒಂದು ಮತದ ಮೇಲೆ ನಿಂತಿತ್ತು. ನಾನು ಪ್ರೀತಿಸುತ್ತಿದ್ದವನೂ ಅವನೇ. ಅದು ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗೋಣ, ಊರಿಗೆ ಹೇಳೋಣ ಅಂತ ಅವನು ಚಳಿಗಾಲದಿಂದ ಕೇಳುತ್ತಲೇ ಇದ್ದ. ಮೊದಲು ಲೈಬ್ರರಿ ವಿಷಯ ಮುಗಿಯಲಿ ಅಂತ ನಾನೇ ಅವನ ಬಾಯಿ ಮುಚ್ಚಿಸಿದ್ದೆ. ನಮ್ಮಿಬ್ಬರಲ್ಲಿ ಪುಕ್ಕಲು ಯಾರು ಅಂತ ಬೇರೆ ಹೇಳಬೇಕಿಲ್ಲ.

ಸಭೆಯಲ್ಲಿ ಅವನು ನನ್ನ ಕಡೆ ನೋಡಲೇ ಇಲ್ಲ. ಕಣ್ಣು ಕಾಗದದ ಮೇಲೆ, ಕಿವಿ ಮಾತ್ರ ಕೆಂಪು. ನೋಡಬೇಡ ಅಂದಿದ್ದವಳು ನಾನೇ. ಆದರೂ ನೋಡಲಿಲ್ಲವಲ್ಲ ಅಂತ ಕೋಪ ಬಂತು.

ಮತಕ್ಕೆ ಮುಂಚೆ ಊರವರು ಮೂರು ನಿಮಿಷ ಮಾತಾಡಬಹುದು. ಶುರುವಿಗೇ ಹೆಸರು, ಮನೆ ವಿಳಾಸ ಹೇಳಬೇಕು. ನನ್ನ ಸರದಿ ಬಂತು. ಮೈಕ್ ಹಿಡಿದೆ.

“ಡೋರೀನ್ ಯೋಸ್ಟ್. ನಲವತ್ತೊಂದು, ಸ್ಪ್ರೂಸ್ ಬೀದಿ.”

ಅದು ವೆಂಡೆಲ್‌ನ ಮನೆ.

ಫೈರ್ ಕಂಪನಿಯ ಕ್ಲೀಟಸ್ ಹಿಂದಿನಿಂದ ರಾಗ ಎಳೆದ. “ಏನಮ್ಮ ಡೋರೀನ್, ಮನೆ ಬದಲಾಯ್ಸಿದ್ದು ಯಾವಾಗ? ಸಾಮಾನು ಸಾಗ್ಸೋಕೆ ನಮ್ಮನ್ನ ಕರೀಲೇ ಇಲ್ವಲ್ಲ.”

ಜನ ನಕ್ಕರು. ಊರಿನ ವಕೀಲೆ ನಗಲಿಲ್ಲ. ಇದು ನಿಜವಾದರೆ ತನ್ನ ಮನೆಯವಳ ಕೆಲಸದ ವಿಷಯವಾದ್ದರಿಂದ ಮೇಯರ್ ಮತ ಹಾಕುವ ಹಾಗಿಲ್ಲ, ಆಗ ಮತ ಸಮಸಮವಾಗಿಯೇ ಉಳಿದು ಲೈಬ್ರರಿ ಉಳಿಸುವ ನಿರ್ಣಯ ಬಿದ್ದುಹೋಗುತ್ತದೆ ಅಂತ ವಿವರಿಸಿದಳು. ಆಮೇಲೆ ಮೆತ್ತಗೆ ನನಗೊಂದು ದಾರಿಯನ್ನೂ ತೋರಿಸಿದಳು.

“ಬಾಯ್ತಪ್ಪಿ ಬಂದಿದ್ರೆ ಈಗ್ಲೇ ಹೇಳ್ಬಿಡಿ. ತಿದ್ದಿ ಬರ್ಕೋತೀವಿ.”

ಬಾಯಿ ತಪ್ಪಿದ್ದೇನೋ ಹೌದು. ಆದರೆ ಜನವರಿಯಿಂದ ನಾನು ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಿದ್ದದ್ದು ಆ ಮನೆಯಲ್ಲೇ.

ಆಗ ವೆಂಡೆಲ್ ನನ್ನ ಕಡೆ ನೋಡಿದ. ಬಾಯ್ತಪ್ಪಿತು ಅಂದುಬಿಡು ಅನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದ. ನನ್ನ ಲೈಬ್ರರಿಗಾಗಿ ಇಡೀ ಊರೆದುರು ನನಗೆ ಯಾರೂ ಅಲ್ಲದವನಾಗಲು ತಯಾರಾಗಿದ್ದ. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

“ತಿದ್ದೋದು ಬೇಡ,” ಅಂದೆ. “ಹೇಳಿದ್ದೇ ಬರ್ಕೊಳ್ಳಿ.”

ಯಾರೂ ನಗಲಿಲ್ಲ. ಸೋಲುವುದು ಗೊತ್ತಿದ್ದೂ ಲೈಬ್ರರಿ ಪರವಾಗಿ ಬರೆದು ತಂದಿದ್ದನ್ನೆಲ್ಲ ಓದಿದೆ. ಮತ ಮೂರು, ಮೂರು. ನಿರ್ಣಯ ಬಿತ್ತು.

ವೆಂಡೆಲ್ ತನ್ನ ಜಾಗದಿಂದ ಎದ್ದು, ಎಲ್ಲರೂ ನೋಡುತ್ತಿರುವಾಗಲೇ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

“ಲೈಬ್ರರಿ ಹೋಯ್ತಲ್ಲೇ, ಡೋರೀನ್.”

“ಹೋಯ್ತು,” ಅಂದೆ. “ನೀನು ಹೋಗ್ಬೇಡ.”