ಬಾಗಿಲು ತೆರೆದವಳ ಹೆಸರು

"ಕಥೆಗೆ ಬಾಗಿಲು ತೆರೆಯುವ ಒಂದು ಕೈ ಬೇಕಿತ್ತು. ಆ ಕೈಗಿಂತ ಹೆಚ್ಚಿನದೇನೂ ಸುನಂದಾ ಎಂಬ ಈ ಪಾತ್ರದಲ್ಲಿಲ್ಲ."

ಶಿಲ್ಪಾ ಪುಟ ತಿರುವಿದಳು. ವಿಚಾರ ಸಂಕಿರಣಕ್ಕೆ ಸೇರಿದ್ದ ಉಡುಪಿಯ ಕಾಲೇಜೊಂದರ ಸಭಾಂಗಣ ಗಂಭೀರವಾಗಿ ಆಲಿಸುತ್ತಿತ್ತು. ನೈಜ ಅಪರಾಧ ಕಥನಗಳಲ್ಲಿ ಹಂತಕನ ಚಿತ್ರಣ... ಇದು ಅವಳ ಎಂ.ಫಿಲ್. ವಿಷಯ. ಕಾಪುವಿನಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಕೊಲೆಯೊಂದನ್ನು ವಾರಪತ್ರಿಕೆಯೊಂದು ಧಾರಾವಾಹಿಯಾಗಿ ಹೆಣೆದಿತ್ತು. ಹಂತಕನ ಬಾಲ್ಯ, ಅವನ ರೇಷ್ಮೆ ಅಂಗಿ, ಅವನ ಒಂಟಿತನ ಎಲ್ಲವೂ ಅದರಲ್ಲಿದ್ದವು. ಅವನಿಗೆ ಬಾಗಿಲು ತೆರೆದು ಪ್ರಾಣ ಕಳೆದುಕೊಂಡ ಸುನಂದಾಳಿಗೆ ಒಂದೇ ಸಾಲು. ಅವನನ್ನು 'ದುರಂತ ನಾಯಕ'ನೆಂದು ಕರೆದು ಶಿಲ್ಪಾ ಪ್ರಬಂಧ ಮುಗಿಸಿದಳು.

ಚಪ್ಪಾಳೆ ಅಡಗುವ ಮುನ್ನವೇ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನಡುಗದ ದನಿ.

"ಆ ಕೈಯಿಂದ ನಾನು ಪೆಟ್ಟು ತಿಂದದ್ದುಂಟು ಮೇಡಂ. ಊಟವನ್ನೂ ತಿಂದದ್ದುಂಟು. ಅವಳು ಪಾತ್ರ ಅಲ್ಲ. ನನ್ನ ಅಕ್ಕ."

ಉತ್ತರಕ್ಕಾಗಿ ಶಿಲ್ಪಾ ಬಾಯಿ ತೆರೆಯುವಷ್ಟರಲ್ಲಿ ಅವನು ಹೊರನಡೆದಿದ್ದ.

ಅವನ ಹೆಸರು ಫೌಸ್ಟಿನ್ ಎಂದೂ, ಕಾರ್ಕಳದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕನೆಂದೂ ಅವಳ ಮಾರ್ಗದರ್ಶಕ ಉಮಾನಾಥರು ವಿಚಾರಿಸಿ ಹೇಳಿದರು. ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು, ವಿಮರ್ಶಕನಿಗೆ ಪಠ್ಯ ಮಾತ್ರ ಮುಖ್ಯ ಎಂಬುದು ಅವರ ಸಲಹೆ.

ಆದರೆ ಪಠ್ಯ ಎದ್ದು ನಿಂತು ಮಾತಾಡಿತ್ತಲ್ಲ... ಮರುದಿನ ಶಿಲ್ಪಾ ಮಣಿಪಾಲದಿಂದ ಕಾರ್ಕಳದ ಬಸ್ಸು ಹತ್ತಿದಳು.

ಕಾಲೇಜಿನ ಗೇಟಿನಲ್ಲಿ ಅವಳು ಕೇಳಿದ ಕ್ಷಮೆಗೆ ಫೌಸ್ಟಿನ್ ತಲೆಯಾಡಿಸಿದನಷ್ಟೆ. ಆಮಂತ್ರಣ ಪತ್ರಿಕೆಯಲ್ಲಿ ವಿಷಯ ನೋಡಿ ಬಂದಿದ್ದೆ, ತಪ್ಪು ಮಾಡಿದೆ ಎಂದು ಹೇಳಿ ನಡೆದುಬಿಟ್ಟ. ಫೌಸ್ಟಿನ್‌ನ ಅಕ್ಕ ಸುನಂದಾ ಆಗಿರಲಾರಳು ಎಂದು ಹೊಳೆದು ಹಿಂದಿನಿಂದ ಅವಳು ಕೇಳಿದಳು:

"ಅವರ ನಿಜವಾದ ಹೆಸರು ಎಂತ?"

ಅವನ ಹೆಜ್ಜೆ ನಿಂತಿತು. ಪೊಲೀಸರು, ಪತ್ರಕರ್ತರು, ಸಂತಾಪ ಸೂಚಿಸಲು ಬಂದವರು ಹಂತಕನ ಬಗ್ಗೆ ಏನೆಲ್ಲ ಕೇಳಿದ್ದರು! ಅಕ್ಕನ ಬಗ್ಗೆ ಮಾತ್ರ ಹೀಗೆ ಯಾರೂ ಕೇಳಿರಲಿಲ್ಲ.

"ಹಿಲ್ಡಾ," ಎಂದ. ಎಷ್ಟೋ ಕಾಲದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

ಆ ಸಂಜೆ ಶಿಲ್ಪಾ ಧಾರಾವಾಹಿಯ ಕಂತುಗಳನ್ನು ಮತ್ತೆ ಹರಡಿಕೊಂಡು ಕುಳಿತಳು. ಮೊದಲ ಓದಿನಲ್ಲಿ ಕಾಣದಿದ್ದ ಒಂದು ಸಾಲು ಪ್ರತಿ ಕಂತಿನ ಕೊನೆಯಲ್ಲೂ ಇತ್ತು: ಕುಟುಂಬದ ಗೌರವಕ್ಕಾಗಿ ಮೃತಳ ಹೆಸರನ್ನು ಬದಲಿಸಲಾಗಿದೆ. ಕೊಂದವನ ಹೆಸರು ಮಾತ್ರ ದಪ್ಪಕ್ಷರದಲ್ಲಿ, ಇನಿಷಿಯಲ್ ಸಮೇತ. ಇದು ಅಪರಾಧ ಬರವಣಿಗೆಯ ಹಳೆಯ ಸಂಪ್ರದಾಯ. ಕೊಂದವನು ಪ್ರಾಣ ಕಸಿದ, ಬರೆದವರು ಹೆಸರು ಕಸಿದರು... ನಾನು? ಉಳಿದಿದ್ದ ಒಂದು ಕೈಯನ್ನೂ ಪಾತ್ರವೆಂದು ತಳ್ಳಿಹಾಕಿದೆ.

ಅಧ್ಯಾಯವನ್ನು ಹೊಸದಾಗಿ ಬರೆಯುವುದೆಂದು ಅವಳು ನಿರ್ಧರಿಸಿದಳು.

ಶನಿವಾರಗಳಲ್ಲಿ ಕಾರ್ಕಳಕ್ಕೆ ಹೋಗುವುದು ರೂಢಿಯಾಯಿತು. ಕಾಪುವಿನ ತನ್ನ ಮನೆಗೆ ಹೊರಟ ಫೌಸ್ಟಿನ್ ಜೊತೆ ಅದೇ ಬಸ್ಸಿನಲ್ಲಿ ಹಿಂದಿರುಗುತ್ತಾ, ಹಿರಿಯಡ್ಕ ದಾಟಿ ಮಣಿಪಾಲದಲ್ಲಿ ಇಳಿಯುವವರೆಗೆ ಅವಳು ಹಿಲ್ಡಾಳ ಬಗ್ಗೆ ಕೇಳುತ್ತಿದ್ದಳು. ಹಿಲ್ಡಾ ಹೊಲಿಗೆ ಕಲಿಸುತ್ತಿದ್ದಳು. ಇಗರ್ಜಿಯ ಗಾಯನವೃಂದದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದಳು. ಸುಮ್ಮನೆ ತುಟಿ ಅಲ್ಲಾಡಿಸಿದರೆ ಸಾಕೆಂದು ಚರ್ಚಿನ ಗುರುಗಳು ಬೇಡಿಕೊಂಡಿದ್ದರಂತೆ!

"ಅಲ್ಲಾಡಿಸಿದರಾ?"

"ಎಂತ ಅಲ್ಲಾಡಿಸುವುದು ಮಾರಾಯ್ರೆ? ಮುಂದಿನ ಭಾನುವಾರ ಮೊದಲ ಸಾಲಿಗೇ ಹೋಗಿ ನಿಂತಳು."

ಅವನು ನಕ್ಕದ್ದನ್ನು ಅವಳು ಅಂದು ಮೊದಲ ಬಾರಿ ನೋಡಿದಳು. ಇಳಿಯಬೇಕಾದ ನಿಲ್ದಾಣ ಅಷ್ಟು ಬೇಗ ಬಂದದ್ದೇಕೆ? ತೀರಿಕೊಂಡವಳ ಕಥೆ ಕೇಳುತ್ತಾ ಕೇಳುತ್ತಾ, ಹೇಳುವವನಿಗೆ ಮನಸೋತೆನೇ... ಅವಳಿಗೇ ಭಯವಾಯಿತು.

ಫೌಸ್ಟಿನ್ ಇಟ್ಟ ಷರತ್ತು ಒಂದೇ. ಈ ಬರಹ ಗ್ರಂಥಾಲಯದ ಕಪಾಟು ಬಿಟ್ಟು ಹೊರಗೆ ಬರಬಾರದು. ಧಾರಾವಾಹಿಯ ಕಾಲದಲ್ಲಿ ಅಮ್ಮ ಸೆವ್ರಿನ್ ಬಾಯಿ ಹಾಸಿಗೆ ಹಿಡಿದಿದ್ದರು. ಅಂದಿನಿಂದ ಅವರೆದುರು ಅಕ್ಕನ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಶಿಲ್ಪಾ ಮಾತು ಕೊಟ್ಟಳು.

ಮಾತು ಮುರಿದದ್ದು ಅವಳಿಂದಲ್ಲ. ಹೊಸ ಅಧ್ಯಾಯವನ್ನು ಮೆಚ್ಚಿದ ಉಮಾನಾಥರು, ಶಿಷ್ಯೆಗೆ ಹೆಸರು ಬರಲೆಂದು, ಅವಳಿಗೂ ತಿಳಿಸದೆ, ಅದನ್ನು ಅದೇ ವಾರಪತ್ರಿಕೆಯ ಸಂಪಾದಕರಿಗೆ ಕಳುಹಿಸಿದ್ದರು. ಹಿರಿಯಡ್ಕದ ಅಂಗಡಿಯೊಂದರ ಮುಂದೆ ಪತ್ರಿಕೆ ನೇತಾಡುತ್ತಿದ್ದುದನ್ನು ಫೌಸ್ಟಿನ್ ಬಸ್ಸಿನ ಕಿಟಕಿಯಿಂದಲೇ ಕಂಡ. ಮುಖಪುಟದಲ್ಲಿ ಹಂತಕನ ಚಿತ್ರ. ಅದರ ಕೆಳಗೆ ಶಿಲ್ಪಾಳ ಹೆಸರು!

ಅಂದಿನಿಂದ ಅವನು ಅವಳ ಕರೆ ತೆಗೆದುಕೊಳ್ಳಲಿಲ್ಲ. ಅವಳೇ ಕಾರ್ಕಳಕ್ಕೆ ಓಡಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಕೊಟ್ಟದ್ದು ಅವರು. ಬರೆದದ್ದು?"

ಕ್ಷಮೆ ಕೇಳಹೊರಟವಳನ್ನು ಅವನು ತಡೆದ.

"ಸುನಂದಾ ಅಂತ ಇದ್ದಾಗ ಅವಳು ಬೇರೆ ಯಾರೋ ಆಗಿದ್ದಳು. ಈಗ ನಮ್ಮ ಹಿಲ್ಡಾಳನ್ನೇ ಅಂಗಡಿಯಲ್ಲಿ ನೇತುಹಾಕಿದ್ದಾರೆ. ಅಮ್ಮನಿಗೆ ನಾನು ಎಂತ ಹೇಳಲಿ?"

ಬಾದಾಮಿ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬ ಶಿಲ್ಪಾಳದು. ತಾಯಿ ಮರೆಮ್ಮ ಮಗಳ ಕಣ್ಣು ನೋಡಿ, ಯಾರವ್ವಾ ಅವ, ಎಂದು ನೇರವಾಗಿಯೇ ಕೇಳಿದಳು. ಶಿಲ್ಪಾ ಎಲ್ಲವನ್ನೂ ಹೇಳಿದಳು, ಅವನ ಧರ್ಮವನ್ನೂ.

"ನಿಮ್ಮಪ್ಪಗ ನಾ ಆಮ್ಯಾಲೆ ಹೇಳ್ತೀನಿ. ಮದಲ ಆ ತಾಯಿ ಕಡೆ ಹೋಗು. ಬ್ಯಾರೇದವ್ರು ಹೇಳೂದ್ರೊಳಗ ನೀನ ಹೇಳು."

ಫೌಸ್ಟಿನ್ ಮುಖ ತಿರುಗಿಸಿದರೂ ಸರಿ, ಆ ತಾಯಿಗೆ ಈ ಸುದ್ದಿ ಅಂಗಡಿಯಿಂದ ತಲುಪಬಾರದು. ಅಷ್ಟೇ ಧೈರ್ಯ ಕಟ್ಟಿಕೊಂಡು ಶಿಲ್ಪಾ ಕಾಪುವಿನಲ್ಲಿ ಇಳಿದಳು.

ಆದರೆ ತಡವಾಗಿತ್ತು. ಜಗಲಿಯಲ್ಲಿ ಕುಳಿತಿದ್ದ ಸೆವ್ರಿನ್ ಬಾಯಿಯ ಮಡಿಲಲ್ಲಿ ಮುಖಪುಟ ಹರಿದ ಅದೇ ಪತ್ರಿಕೆ! ಪಕ್ಕದ ಮನೆಯ ಖದೀಜಮ್ಮ ಬೆಳಗ್ಗೆಯೇ ತಂದುಕೊಟ್ಟಿದ್ದರು. ತಾನು ಯಾರೆಂದು ಶಿಲ್ಪಾ ಅಂಗಳದಲ್ಲೇ ನಿಂತು ತಡವರಿಸುತ್ತಾ ಹೇಳಿದಳು.

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬರೆದವಳು ನೀನಾ ಬಾಯೆ? ಕುಳಿತುಕೋ. ಓದು. ನನಗೆ ಅಕ್ಷರ ಮಸುಕು."

ಶಿಲ್ಪಾ ಓದಿದಳು. ಗಾಯನವೃಂದದ ಪ್ರಸಂಗ ಬಂದಾಗ ಸೆವ್ರಿನ್ ಬಾಯಿ ಕೈಯೆತ್ತಿ ತಡೆದರು.

"ಅದು ತಪ್ಪು. ತುಟಿ ಅಲ್ಲಾಡಿಸು ಅಂದದ್ದು ಗುರುಗಳಲ್ಲ. ನಾನು. ನನಗೇ ಮರ್ಯಾದೆ ಹೋಗುತ್ತಿತ್ತು ಅಲ್ವಾ?"

ಎಂದವರೇ ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ನೋವಾದೀತೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು, ನನ್ನ ಮಗಳು ಇನ್ನು ನನ್ನೊಬ್ಬಳ ನೆನಪಿನಲ್ಲಿ ಮಾತ್ರ ಉಳಿದಳೆಂದು ಹೆದರಿದ್ದೆ ಎಂದರು. ಮುಖಪುಟವನ್ನು ತಾವೇ ಹರಿದು ಒಲೆಗೆ ಹಾಕಿದ್ದರಂತೆ. ಒಳಗಿನ ಪುಟಗಳು ಮಾತ್ರ ಬೇಕು.

ಆಗಲೇ ಅಂಗಳದಲ್ಲಿ ನೆರಳು ಕದಲಿತು. ಫೌಸ್ಟಿನ್... ಯಾವಾಗಿನಿಂದ ನಿಂತಿದ್ದನೋ! ಅಮ್ಮನ ನಗು ಕೇಳಿ ಅವನಿಗೆ ಒಳಗೆ ಬರಲಾಗಿರಲಿಲ್ಲ.

ಸಂಜೆ ಅವಳನ್ನು ಹೆದ್ದಾರಿಯವರೆಗೆ ಬಿಡಲು ಅವನೂ ಹೊರಟ. ಅಮ್ಮನ ಮನಸ್ಸನ್ನು ಕಾಯುತ್ತಿದ್ದೇನೆಂದುಕೊಂಡು ಅಕ್ಕನ ನೆನಪಿನ ಬಾಗಿಲಿಗೆ ಬೀಗ ಹಾಕಿದ್ದು ತಾನೇ ಎಂದು ಒಪ್ಪಿಕೊಂಡ. ಸಮುದ್ರದ ಗಾಳಿ ಇಬ್ಬರ ನಡುವೆ ಸುಳಿದು ಹೋಯಿತು.

"ಒಂದು ವಿಷಯ ಉಂಟು," ಎಂದ ಅವನು. "ಅಕ್ಕನ ಬಗ್ಗೆ ನಾನು ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದೆ. ಎಲ್ಲ ಹೇಳಿ ಮುಗಿಸಿದರೆ ನೀವು ಮತ್ತೆ ಬರುವುದಿಲ್ಲ ಅಂತ."

ಶಿಲ್ಪಾ ನೆಲ ನೋಡಿದಳು. "ಗೊತ್ತಿತ್ತು. ಅದಕ್ಕೇ ನಾನೂ ಪ್ರಶ್ನೆ ಕಡಿಮೆ ಕೇಳುತ್ತಿದ್ದೆ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಇನ್ನೂ ಹೇಳಲಿಕ್ಕೆ ತುಂಬಾ ಉಳಿದಿದೆಯಾ?"

"ಅಕ್ಕನದ್ದು ಸ್ವಲ್ಪ. ನನ್ನದು ಶುರುವೇ ಮಾಡಿಲ್ಲ."

"ಶುರು ಮಾಡಿ. ಕೇಳ್ತೇನೆ."